ಇಸಾಮುವಿನ ಚಳಿಗಾಲದ ಟೈರು

ಹೊಸ ರಬ್ಬರಿನ ವಾಸನೆ, ಸೀಮೆಎಣ್ಣೆ ಒಲೆಯ ವಾಸನೆ, ಎರಡೂ ಬೆರೆತು ಗಂಟಲಿಗೆ ಹತ್ತುವಂಥದ್ದು, ಆದರೂ ಇಷ್ಟು ವರ್ಷ ಇಸಾಮುವಿಗೆ ಹಿತವಾಗಿಯೇ ಇತ್ತು, ನವೆಂಬರ್ ಬಂತೆಂದರೆ ಬೇಸಿಗೆ ಟೈರು ಬಿಚ್ಚಿಸಿ ಹಿಮದ ಟೈರು ಹಾಕಿಸಲು ನಯೋರೊ ಊರಿಗೂರೇ ಮಿನೊವಾನ ಟೈರಂಗಡಿಯ ಮುಂದೆ ಸಾಲು ನಿಲ್ಲುವ ವಾಸನೆ, ಇವತ್ತು ಮಾತ್ರ ಬಾಗಿಲ ಬಳಿಯೇ ನಿಂತುಬಿಟ್ಟಿದ್ದಾನೆ, ಮುಟ್ಟಿ ನೋಡಪ್ಪ ಎಷ್ಟು ಮೆತ್ತಗಿದೆ ಅಂತಾಳೆ ಚಿಗುಸಾ, ಒಬ್ಬಳೇ ಮಗಳು, ಸಪ್ಪೊರೊದಿಂದ ರಜೆ ಹಾಕಿ ಬಂದವಳು, ಬಂದದ್ದೇ ಅಪ್ಪನ ಕಾರಿಗೆ ಒಳ್ಳೆಯ ಟೈರು ಆರಿಸಲು, ಅವಳ ಹೆಬ್ಬೆರಳು ಕಪ್ಪು ರಬ್ಬರನ್ನು ಒತ್ತಿ ಒತ್ತಿ ನೋಡುತ್ತಿದೆ, ಚಳಿಗೆ ಗಟ್ಟಿಯಾಗಬಾರದಂತೆ, ಮೆತ್ತಗಿದ್ದರೇ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದಂತೆ—ಗೊತ್ತು ಕಣೇ, ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸಿಯೇ ತಲೆ ನರೆತವನಿಗೆ ನೀನು ಪಾಠ ಹೇಳ್ತೀಯಾ—ಹೋದ ವರ್ಷವಾಗಿದ್ದರೆ ಅಂದೇಬಿಡುತ್ತಿದ್ದ, ಈಗ ಹೂಂ ಅಂದ. ಮಿನೊವಾ ಎರಡು ಟೈರು ಉರುಳಿಸಿಕೊಂಡು ಬಂದು ನಿಲ್ಲಿಸುತ್ತಾನೆ, ಇದು ಗಾಜಿನಂಥ ರಸ್ತೇಲೂ ನಿಲ್ತದೆ, ಆದ್ರೆ ಬೇಗ ಸವೀತದೆ, ಅದು ಬಾಳಿಕೆ ಬರ್ತದೆ, ಮಂಜುಗಡ್ಡೆ ಮೇಲೆ ಕೊಂಚ ಹಟಮಾರಿ, ನಿಮಗ್ಯಾಕೆ ಹೇಳ್ಬೇಕು ಇಸಾಮು ಸಾನ್, ನೀವು ತಳ್ಳಿದ ಹಿಮದ ಗುಡ್ಡದ ಮೇಲೆ ಜಾರಾಟ ಆಡಿ ಬೆಳೆದೋರು ನಾವು, ಎಂದು ನಗುತ್ತಾನೆ, ಚಿಗುಸಾಳೂ ನಗುತ್ತಾಳೆ, ಸವೆದ್ರೆ ಸವೀಲಿ ಮಿನೊವಾ ಸಾನ್, ನಿಲ್ಲೋದು ಮುಖ್ಯ, ಮೊನ್ನೆ ಶಾಲೆ ಹತ್ರ ಅಪ್ಪ ಜಾರ್ಬಿಟ್ರಲ್ಲ, ಇನ್ನೂ ಬೇಸಿಗೆ ಟೈರೇ ಇತ್ತು.

ಜಾರಿತು, ಹೌದು, ಫೋನಿನಲ್ಲಿ ಮಗಳಿಗೆ ಹಾಗೇ ಹೇಳಿದ್ದ, ಹೆಂಡತಿಗೂ ಹಾಗೇ, ಹೇಳಿ ಹೇಳಿ ಮಾತು ನುಣ್ಣಗಾಗಿತ್ತು, ಆದರೆ ರಸ್ತೆ ಒಣಗಿತ್ತು, ಹಿಮ ಇದ್ದದ್ದು ಅಂಚಿನಲ್ಲಿ, ಅದೂ ಬೆಳಗಿನ ಬಿಸಿಲಿಗೆ ಕರಗುತ್ತಿತ್ತು, ಕೊನೆಯ ಮಗು ಆಗಷ್ಟೇ ದಾಟಿ ಆಚೆ ಹೋಗಿತ್ತು, ಬೆನ್ನಿನ ಕೆಂಪು ಚೀಲ ಕುಣಿಯುತ್ತಿತ್ತು, ಮಕ್ಕಳನ್ನು ದಾಟಿಸುವ ಸುಗೆನೊ ಅಮ್ಮ ಇನ್ನೂ ರಸ್ತೆಯ ಮೇಲೆಯೇ ಇದ್ದಳು, ಹಳದಿ ಬಾವುಟ ಅಡ್ಡ ಹಿಡಿದು, ಅವನು ಕಾಲು ಒತ್ತಿದ, ಕಾರು ನಿಲ್ಲಲಿಲ್ಲ, ಗುರ್ರೆಂದಿತು, ಇನ್ನೂ ಜೋರಾಗಿ ಒತ್ತಿದ, ನಿಲ್ಲು ನಿಲ್ಲು ಎಂದು ಒತ್ತಿದ, ಅದು ಇನ್ನೂ ನುಗ್ಗಿತು, ಬಾವುಟ ಚಕ್ರದಡಿ ಹೋಯಿತು, ಕಾರು ಶಾಲೆಯ ಬೇಲಿಗೆ ಮೂತಿ ಇಟ್ಟು ನಿಂತ ಮೇಲೆ ಕೆಳಗೆ ನೋಡಿದರೆ—ಅವನ ಬೂಟು ಬ್ರೇಕಿನ ಮೇಲೆ ಇರಲೇ ಇಲ್ಲ. ಅಂಚಿಗೆ ಹಾರಿ ಬಿದ್ದಿದ್ದ ಸುಗೆನೊ ಅಮ್ಮ ಎದ್ದು, ಮೊಣಕಾಲಿನ ಕೆಸರು ಒರೆಸಿಕೊಂಡು, ಕಿಟಕಿಯ ಬಳಿ ಬಂದು ತಲೆ ಬಾಗಿಸಿದಳು, ಕ್ಷಮಿಸಿ, ನಾನೇ ಅಡ್ಡ ಬಂದ್ನೇನೋ, ನಿಮಗೇನೂ ಆಗ್ಲಿಲ್ವಲ್ಲ ಅಂತ, ಅವಳು, ಅವನಿಗೆ! ಆಗ ಅವನ ಬಾಯಿ ತಾನಾಗಿಯೇ ತೆರೆಯಿತು, ಹಾಳು ಟೈರು ನೋಡಿ, ಜಾರಿಬಿಡ್ತು, ಅವಳು ನಂಬಿದಳು, ಈ ಕಾಲವೇ ಹಂಗಲ್ವಾ ಎಂದು ಮತ್ತೆ ಬಾಗಿದಳು.

ಹಳೇವು ನೋಡಿ ಬರ್ತೀನಿ ಎಂದು ಹೊರಗೆ ಹೋದ ಮಿನೊವಾ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾನೆ, ಗಾಜಿನಾಚೆ ಕಾಣುತ್ತದೆ, ಟೈರಿನ ಗೀರುಗಳಲ್ಲಿ ಬೆರಳಾಡಿಸುತ್ತಾನೆ, ಒಳಗೆ ಬಂದವನು, ಸವೆದೇ ಇಲ್ವಲ್ಲ ಇವು, ಅವತ್ತು ನಾನೂ ಅದೇ ದಾರೀಲಿ ಬಂದೆ, ಒಣ ರಸ್ತೆ—ಅಲ್ಲಿಗೇ ನಿಲ್ಲಿಸಿದ, ಇಸಾಮುವಿನ ಮುಖ ನೋಡಿದ, ಆಮೇಲೆ ಒಲೆಯ ಕಡೆ ತಿರುಗಿ, ಇರಲಿ, ನೆರಳಿದ್ದ ಕಡೆ ಮಂಜುಗಡ್ಡೆ ಇತ್ತೇನೋ, ಹೇಳಕ್ಕಾಗಲ್ಲ ಬಿಡಿ ಅಂದ, ತಿಳಿದುಹೋಗಿದೆ ಇವನಿಗೆ, ತಿಳಿದೂ ಮುಚ್ಚುತ್ತಿದ್ದಾನೆ, ಕಿವಿ ಕಾದವು, ಎಪ್ಪತ್ತು ದಾಟಿದವನ ಮಾನವನ್ನು ಇವನು ಕಾಪಾಡಬೇಕಾಯಿತೇ, ಭೂಮಿ ಬಾಯಿ ಬಿಡಬಾರದೇ. ಚಿಗುಸಾಳಿಗೆ ಏನೂ ಹೊಳೆಯಲಿಲ್ಲ, ಬಿಸಿ ಕಾಫಿಯ ಡಬ್ಬಿ ತಂದು ಅವನ ಕೈಯಲ್ಲಿಟ್ಟಳು, ಇದನ್ನೇ ಹಾಕಿಸೋಣಪ್ಪ, ಇನ್ನು ನಂಗೆ ನೆಮ್ಮದಿ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋಕೆ ನೀನಿದೀಯ, ಶಾಲೆ ದಾರಿ ಆದ್ರೂ ಭಯ ಇಲ್ಲ—ಶಾಲೆ ದಾರಿ, ಹೌದು, ಆಸ್ಪತ್ರೆಗೆ ಅದೇ ದಾರಿ, ಎಷ್ಟು ಮೆತ್ತನೆಯ ರಬ್ಬರು ಹಾಕಿದರೇನು, ಅದು ರಸ್ತೆಯನ್ನು ಹಿಡಿಯುತ್ತದೆ, ನನ್ನ ಕಾಲನ್ನು ಹಿಡಿಯುವವರು ಯಾರು, ಆ ಕೆಂಪು ಚೀಲ ಎರಡು ಹೆಜ್ಜೆ ಹಿಂದಿದ್ದಿದ್ದರೆ—ಬೇಡ, ಎಂದು ಯಾರೋ ಅಂದರು, ಅಂದದ್ದು ತಾನೇ, ಬೇಡ, ಟೈರಲ್ಲ. ಏನಪ್ಪ ಟೈರಲ್ಲ? ಕಾಲು. ಬ್ರೇಕು ಅಂದ್ಕೊಂಡು ಇನ್ನೊಂದನ್ನ ಒತ್ತಿದೆ, ಚಿಗುಸಾ, ಜಾರಲಿಲ್ಲ ಅದು, ನಾನು ಸುಳ್ಳು ಹೇಳ್ದೆ, ಆಯಮ್ಮಂಗೂ ಹೇಳ್ದೆ. ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟ, ಇದು ಇಲ್ಲೇ ಇರ್ಲಿ, ನಾನಿನ್ನು ಓಡ್ಸಲ್ಲ.

ಒಲೆ ಸುಂಯ್ ಎನ್ನುತ್ತದೆ, ಬೈಯಲಿ, ಮಕ್ಕಳ ಮೇಲೆ ಹೋಗಿದ್ರೆ ಏನ್ ಗತಿ ಅಂತ ಕೂಗಲಿ, ಕೂಗಿದರೆ ಎಷ್ಟೋ ವಾಸಿ, ಅವಳು ಕೂಗಲಿಲ್ಲ, ಅಪ್ಪನ ತೋಳು ಹಿಡಿದುಕೊಂಡಳು, ಗಟ್ಟಿಯಾಗಿ, ಹಿಡಿದುಕೊಂಡೇ ಮಿನೊವಾನ ಕಡೆ ತಿರುಗಿದಳು, ಕ್ಷಮಿಸಿ, ತುಂಬಾ ತೊಂದರೆ ಕೊಟ್ವಿ, ಸುಗೆನೊ ಅಮ್ಮನ ಮನೆಗೂ ಈಗಲೇ ಹೋಗ್ತೀವಿ, ಎನ್ನುತ್ತಾ ಬಾಗಿದಳು, ತನ್ನದಲ್ಲದ ತಪ್ಪಿಗೆ ಬಾಗಿದಳು, ಕೂದಲು ಎರಡೂ ಕಡೆ ಸರಿದು ಅವಳ ಕುತ್ತಿಗೆ ಬೆಳ್ಳಗೆ ಕಂಡಿತು, ಸಾಕು ಏಳು, ಏಳು ಮಗಳೇ ಅನ್ನಬೇಕು, ಇನ್ನೂ ಬಾಗಿದ್ದಾಳೆ, ಆ ಕುತ್ತಿಗೆ, ಇನ್ನೂ ಎದ್ದಿಲ್ಲ, ಆ ಬಾಗಿದ ಕುತ್ತಿಗೆ—