ಫಸ್ಟ್ ಲಾಟು

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಚಿರಂಜೀವಿಯ ಕೈಯಿಂದ ಗೆಳೆಯ ಪ್ರಸನ್ನ ಮಚ್ಚು ಕಿತ್ತುಕೊಂಡ.

"ಸಾಕು ಮಗಾ, ನಾಲ್ಕು ಚಟ್ಟಕ್ಕಾಗೋಷ್ಟು ಸೀಳಿದ್ದೀಯ. ಒಳಗೋಗಿ ಮುಖ ನೋಡು."

"ಯಾವ ಮುಖ ಇಟ್ಕೊಂಡು ನೋಡ್ಲೋ?"

ತಗಡಿನ ಕೆಲಸದ ಅಮರಪ್ಪ ಒಳಗೆ ಚಾಪೆಯ ಮೇಲೆ ಮಲಗಿದ್ದ, ನಲವತ್ತು ವರ್ಷದಲ್ಲಿ ಮೊದಲ ಸಲ ಗುರುವಾರ ರಜೆ ಹಾಕಿ. ಲಗ್ಗೆರೆಯಲ್ಲಿ ಬಾಡಿಗೆ ಕೇಳದೆ, ಭಾನುವಾರ ಬಂತೆಂದರೆ ಇವರಿಬ್ಬರ ರಾಕ್ ಬ್ಯಾಂಡಿನ ತಾಲೀಮಿಗೆ ತನ್ನ ಶೆಡ್ಡು ಬಿಟ್ಟುಕೊಟ್ಟವನು ಅವನೊಬ್ಬನೇ. "ನಮ್ ತಗಡಿನ್ ಪ್ರೆಸ್ಸಿಗಿಂತ ನಿಮ್ದೇ ಸದ್ದು ಜಾಸ್ತಿ ಕಣ್ರಯ್ಯ" ಎಂದು ನಗುತ್ತಿದ್ದ. ಅಂಥವನಿಗೆ ಚಿರಂಜೀವಿ ಬೈದು ಮೂರು ವರ್ಷವಾಗಿತ್ತು. ತಪ್ಪಾಯಿತು ಅನ್ನಲು ಇವತ್ತೇ ಕಡೆ. ಕೇಳಿಸಿಕೊಳ್ಳುವವನು ಮಾತ್ರ ಇರಲಿಲ್ಲ.

*

2011. ಯಾವ ಕಂಪನಿಯೂ ಇವರ ಹಾಡು ಕೇಳಲಿಲ್ಲ. ಹಾಳಾಗಿ ಹೋಗಲಿ ಎಂದು ಚಿರಂಜೀವಿ ಹಲ್ಲು ಕಡಿದ; ಸ್ವಂತ ದುಡ್ಡಲ್ಲೇ ಮೊದಲ ಸಿ.ಡಿ. ಮಾಡಿಸಿದರು. ನೂರೇ ನೂರು. ಅಮರಪ್ಪ ಉಳಿಕೆ ತಗಡಿನಲ್ಲಿ ಡಬ್ಬಿ ಮಾಡಿಕೊಡಲು ಒಪ್ಪಿದ. "ಪ್ರತಿ ಡಬ್ಬಿಗೂ ನಂಬರ್ ಹೊಡಿಯಣ್ಣ" ಎಂದು ಹೇಳಿ ಹೋದರು. ಬಿಡುಗಡೆಯ ಬೆಳಗ್ಗೆ ಬಂದು ನೋಡಿದರೆ ನೂರರ ಮೇಲೂ ಒಂದೇ ಅಂಕಿ: 1.

"ಫಸ್ಟ್ ಲಾಟಲ್ವೇನಪ್ಪ? ಒಂದ್ ಲಾಟಿನ್ ಮಾಲಿಗೆಲ್ಲ ಒಂದೇ ನಂಬರು. ಫ್ಯಾಕ್ಟ್ರಿಗೆ ಇಂಗೇ ಒಡ್ಕೊಡೋದು."

"ಒಂದರಿಂದ ನೂರಣ್ಣ! ಅಷ್ಟೂ ಗೊತ್ತಾಗಲ್ವಾ? ನಿನ್ ತಲೇಲೂ ತಗಡೇ ಇರೋದಾ?"

ಕೆಲಸದವರೆಲ್ಲ ಕೇಳುವ ಹಾಗೆ ಕಿರುಚಿದ ಚಿರಂಜೀವಿ ತಾನೇ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ. ಅಮರಪ್ಪ ಕೈಯೊರೆಸಿಕೊಂಡು ಪ್ರೆಸ್ಸಿನ ಹತ್ತಿರ ಹೋದ.

ನೂರೂ ಖರ್ಚಾದವು. ಕೊಂಡವರೆಲ್ಲ ಮೊದಲನೆಯದು ತಮಗೇ ಸಿಕ್ಕಿತೆಂದು ಡಬ್ಬಿ ಎದೆಗವಚಿಕೊಂಡು ಹೋದರು. ಚಿರಂಜೀವಿಗೆ ನಾಚಿಕೆಯಾಯಿತು. ಆ ನಾಚಿಕೆಗೇ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಬ್ಯಾಂಡೂ ನಿಂತುಹೋಯಿತು.

*

"ಬಾಪ್ಪ, ಬಾಯಿಗೆ ಅಕ್ಕಿ ಆಕು," ಅಮರಪ್ಪನ ಹೆಂಡತಿ ಅಂಜಿನಮ್ಮ ಬಾಗಿಲಿಗೇ ಬಂದು ಕರೆದಳು.

"ಅಕ್ಕ, ನಾನು ಅವತ್ತು ಅಣ್ಣಂಗೆ..."

"ಬೈದೆ. ಗೊತ್ತು. ಮನೇಗ್ ಬಂದು ಯೋಳ್ಕಂಡು ನಕ್ರು. 'ಕ್ವಾಪ ಇರೋ ಉಡುಗ, ಕೆಲ್ಸ ಮಾಡ್ತಾನೆ ಬುಡು' ಅಂದ್ರು. ಎರಡ್ನೇದು ಯಾವಾಗ್ ಮಾಡ್ತಾನೋ ಅಂತ ಕಾಯ್ತಿದ್ರು ಕಣಪ್ಪ. ಡಬ್ಬಿನೂ ಮಾಡಿ ಮಡಗವ್ರೆ, ಶೆಡ್ಡಲ್ಲಿ."

ಚಿರಂಜೀವಿ ಅಕ್ಕಿ ಹಾಕಿದ. ಅರ್ಧ ಕಾಳು ಅಮರಪ್ಪನ ಗಡ್ಡದ ಮೇಲೆ ಬಿದ್ದವು. ಒಂದೊಂದೇ ಆರಿಸಿ ತೆಗೆದ. "ನೀನಿಲ್ದಿದ್ರೆ ನಾವೆಲ್ಲಣ್ಣ ಬಾರಿಸ್ತಿದ್ವಿ" ಎಂದ. ತಪ್ಪಾಯಿತು ಅನ್ನುವುದು ಮರೆತೇ ಹೋಯಿತು.

ಮಣ್ಣು ಮಾಡಿ, ಸ್ನಾನ ಮುಗಿಸಿ, ಇಬ್ಬರೂ ಶೆಡ್ಡಿನ ಶಟರ್ ಎತ್ತಿದರು. ಗೋಣಿಚೀಲದ ಕೆಳಗೆ ಡಬ್ಬಿಗಳ ಸಾಲು. ಪ್ರಸನ್ನ ಮೊದಲನೆಯದನ್ನು ಬೆಳಕಿಗೆ ಹಿಡಿದ.

"ಲೋ, ನೂರಾ ಒಂದು ಕಣೋ."

ಆಮೇಲೆ ನೂರಾ ಎರಡು, ನೂರಾ ಮೂರು. ನೂರಾ ಅರವತ್ತಮೂರರವರೆಗೆ ಒಂದೂ ತಪ್ಪಿರಲಿಲ್ಲ. ಮುಂದಿನದು ನುಣುಪಾಗಿ, ಖಾಲಿ. ಸುತ್ತಿಗೆ ಅದರ ಮೇಲೇ ಇತ್ತು.

ಚಿರಂಜೀವಿ ಕುಕ್ಕರಗಾಲಲ್ಲಿ ಕೂತು, ಅಂಕಿ ಹೊಡೆಯುವ ಉಕ್ಕಿನ ಅಚ್ಚುಗಳಲ್ಲಿ 1 ಹುಡುಕಿದ, 6 ಹುಡುಕಿದ, 4 ಹುಡುಕಿದ. ಮೊದಲ ಏಟಿಗೆ ಅಂಕಿ ವಾರೆಯಾಗಿ ಬಿತ್ತು.