ರಂಗಿ ಒಪ್ಪಿದ ತಲೆ

ನಮ್ಮ ಮನೆಯಲ್ಲಿ ಮೊದಲ ಮರ್ಯಾದೆ ಎಮ್ಮೆಗೆ, ಉಳಿದದ್ದು ನಮಗೆ. ಅದರ ಹೆಸರು ರಂಗಿ. ಪಂಢರಪುರಿ ತಳಿ, ಬೆನ್ನಿನವರೆಗೆ ಚಾಚಿದ ಕೋಡು, ಯಾರನ್ನೂ ನೆಟ್ಟಗೆ ನೋಡದ ಕಣ್ಣು. ನನ್ನ ಅತ್ತೆ ದುಂಡವ್ವ ಒಬ್ಬರನ್ನು ಬಿಟ್ಟು ಬೇರೆ ಯಾರು ಕೆಚ್ಚಲಿಗೆ ಕೈ ಹಾಕಿದರೂ ಅದು ಹಾಲು ಇಳಿಸುವುದಿಲ್ಲ, ಏರಿಸಿಕೊಂಡು ನಿಂತುಬಿಡುತ್ತದೆ. ಅಂಕಲಿಯ ಹೊರಗೆ, ಕಬ್ಬಿನ ನಡುವಿನ ಈ ತೋಟದ ಮನೆಗೆ ಸೊಸೆಯಾಗಿ ಬಂದು ನಾನು ಎರಡು ಮಕ್ಕಳ ತಾಯಿಯಾದೆ, ಅಂಗನವಾಡಿ ಟೀಚರ್ ಆದೆ. ರಂಗಿಯ ಲೆಕ್ಕದಲ್ಲಿ ಮಾತ್ರ ಇನ್ನೂ ಹೊರಗಿನವಳೇ.

ಅತ್ತೆಯ ಕಣ್ಣು ಸರಿ ಇದ್ದಿದ್ದರೆ ಇದನ್ನೆಲ್ಲ ನಕ್ಕು ಬಿಡಬಹುದಿತ್ತು. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ಬಲಿತು ಬೆಳ್ಳಗಾಗಿತ್ತು. ಇನ್ನು ತಡ ಮಾಡಿದರೆ ಆ ಕಣ್ಣು ಉಳಿಯುವ ಭರವಸೆ ಇಲ್ಲ ಎಂದು ಮಿರಜದ ಡಾಕ್ಟರು ಮುಖಕ್ಕೇ ಹೇಳಿದ್ದರು. ಆಪರೇಷನ್ ಆದಮೇಲೆ ಕೆಲವು ವಾರ ಬಗ್ಗುವ ಹಾಗಿಲ್ಲ, ಕೊಟ್ಟಿಗೆಗೆ ಹೋಗುವ ಹಾಗಿಲ್ಲ, ತಲೆಗೆ ನೀರು ಹಾಕುವ ಹಾಗಿಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಆಡಿದರು.

"ರಂಗೀನ ಯಾರ ಹಿಂಡತಾರ? ಕೆಚ್ಚಲ ಬಾತು ಸತ್ತರ ಆ ಪಾಪ ಯಾರ ಹೊರತಾರ?"

ನಾವೇನು ಕೈಕಟ್ಟಿ ಕೂತಿರಲಿಲ್ಲ. ಹಿಂಡುವವರ ಸೀರೆ ಉಟ್ಟು ಹೋದರೆ ಎಮ್ಮೆ ಮೋಸ ಹೋಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಉಪಾಯ. ನಾನು ಅತ್ತೆಯ ಒಗೆಯದ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಬಕೆಟ್ ಹಿಡಿದು ಹೋದೆ. ರಂಗಿ ಕತ್ತು ತಿರುಗಿಸಿ ನನ್ನ ನೆತ್ತಿಯನ್ನು ಮೂಸಿತು, ಬುಸ್ಸೆಂದಿತು, ಒದೆಯಿತು. ಒಂದು ವಾರ ಕುಂಟಿದೆ. ಸೂಜಿ ಚುಚ್ಚಿ ಹಾಲು ಇಳಿಸೋಣ ಎಂದ ನನ್ನ ಮೈದುನ ಮಾಳೇಶನ ಮೇಲೆ ಅತ್ತೆ ಕಸಬರಿಗೆ ಎತ್ತಿದರು. ಮಾರಿಬಿಡೋಣ ಎಂದರೆ, ಮೊದಲು ನನ್ನ ಮಾರಿ ಎಂದರು. ನನ್ನ ಗಂಡ ಕುರಿ ಹಿಂಡಿನ ಜೊತೆ ಊರೂರು ಅಲೆಯುವವರು. ಫೋನಿನಲ್ಲಿ "ಅವ್ವನ್ನ ನೀನ ಒಪ್ಪಸು" ಎಂದು ಹೇಳಿ ಕೈತೊಳೆದುಕೊಂಡರು. ಹೇಳುವವರಿಗೇನು, ಮಾತಿಗೆ ಬಡತನವೇ?

ಇಂಥ ಹೊತ್ತಿನಲ್ಲಿ ಮಾಳೇಶನ ಮದುವೆಯಾಗಿ ಮಾಯಾ ಮನೆಗೆ ಬಂದಳು. ನಿಪ್ಪಾಣಿಯ ಹುಡುಗಿ. ಸೊಂಟ ಮುಟ್ಟುವ ಗುಂಗುರು ಕೂದಲು. ಟ್ರಂಕಿನಲ್ಲಿ ಸೀರೆಗಿಂತ ಜೋಪಾನವಾಗಿ ಸುತ್ತಿಟ್ಟ ಮೂರು ಸೀಸೆ.

ನನಗೆ ಹುಟ್ಟಿನಿಂದಲೇ ಕೆಟ್ಟ ಕುತೂಹಲ. ಯಾರ ಮನೆಯ ಪಾತ್ರೆಯ ಮುಚ್ಚಳ ಕಂಡರೂ ತೆಗೆದು ನೋಡಬೇಕು. ಮಾಯಾ ತಲೆ ಎರೆದುಕೊಂಡ ದಿನ ಅಕ್ಕಿ ಆರಿಸುವ ನೆಪ ಮಾಡಿ ಅವಳ ಬಾಗಿಲ ಎದುರೇ ಮೊರ ಹಿಡಿದು ಕೂತೆ. ಅವಳು ಟವೆಲ್ಲಿನಿಂದ ಕೂದಲನ್ನು ತಿಕ್ಕಲಿಲ್ಲ. ನೀರು ತೊಟ್ಟಿಕ್ಕುತ್ತಿರುವಾಗಲೇ ಒಂದು ಸೀಸೆಯಿಂದ ಹಾಲಿನಂಥದ್ದನ್ನು ಅಂಗೈಗೆ ಸುರಿದುಕೊಂಡು ಕೂದಲಿಗೆ ಸವರಿದಳು. ಅದರ ಮೇಲೆ ಎಣ್ಣೆ. ಅದರ ಮೇಲೆ ಗಟ್ಟಿ ಕ್ರೀಮು. ಒಂದೊಂದೇ ಎಳೆ ಹಿಡಿದು, ಮುಷ್ಟಿಯಲ್ಲಿ ಹಿಂಡಿ ಹಿಂಡಿ ಬಿಡುತ್ತಿದ್ದಳು. ನನ್ನ ಅಕ್ಕಿಯಲ್ಲಿ ಕಲ್ಲು ಹಾಗೇ ಉಳಿಯಿತು.

"ಇದೇನ ತಂಗಿ, ಗ್ವಾಡಿಗೆ ಸುಣ್ಣಾ ಹಚ್ಚಿಧಂಗ ಒಂದರ ಮ್ಯಾಲ ಒಂದು?" ಎಂದು ಕೇಳಿಯೇಬಿಟ್ಟೆ.

ಅವಳು ನಕ್ಕಳು. "ಅಕ್ಕಾ, ನಿಮ್ಮ ಬೋರಿನ ನೀರ ಸವಳ ಐತಿ. ಎರಕೊಂಡ್ರ ಕೂದಲಾ ತೆಂಗಿನ ನಾರ ಆಗತಾವು. ಅದಕ ಹಸೀ ಇದ್ದಾಗನ ಮೊದಲ ಈ ಕಂಡಿಷನರ್. ಇದನ್ನ ತೊಳಿಯೂದಿಲ್ಲ, ಹಂಗ ಬಿಡೂದು. ನೀರ ಹಿಡದ ಇಟ್ಟಕೊಂತೈತಿ. ಆ ನೀರ ಓಡಿ ಹೋಗಬಾರದಂತ ಮ್ಯಾಲ ಎಣ್ಣಿ. ಎಣ್ಣಿ ಮ್ಯಾಲ ಕ್ರೀಮು, ಗಡಗಿಗೆ ಮುಚ್ಚಳಾ ಮುಚ್ಚಿಧಂಗ."

"ಒಣಗಿದ ಮ್ಯಾಲ ಎಣ್ಣಿ ಹಚ್ಚಿದ್ರ ನಡಿಯೂದಿಲ್ಲೇನು? ನಾ ಹಂಗ ಹಚ್ಚತೇನಲ್ಲ."

"ಒಣಗಿದ ತಲಿಗೆ ಎಣ್ಣಿ ಹಚ್ಚೂದಂದ್ರ ಖಾಲಿ ಮನಿಗೆ ಕೀಲಿ ಹಾಕಿಧಂಗ ಅಕ್ಕಾ."

ಈ ಮಾತು ನನಗೆ ಹಿಡಿಸಿಬಿಟ್ಟಿತು. ನನ್ನ ತಲೆಗೂ ಹಚ್ಚಿಸಿಕೊಂಡೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತ ದಿನವಿಡೀ ನನ್ನ ಜಡೆಯನ್ನು ನಾನೇ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಅತ್ತೆ ಇದನ್ನೆಲ್ಲ ಕಿವಿಯಲ್ಲೇ ನೋಡುತ್ತಿದ್ದರು. ಕಣ್ಣು ಮಂಜಾದಮೇಲೆ ಅವರು ಎಲ್ಲವನ್ನೂ ಬೆರಳಿನಿಂದ ಮುಟ್ಟಿಯೇ ತಿಳಿಯುವುದು. ಒಂದು ಸಂಜೆ ಮಾಯಾಳನ್ನು ಹತ್ತಿರ ಕೂರಿಸಿಕೊಂಡು ಅವಳ ಜಡೆಯನ್ನು ಬುಡದಿಂದ ತುದಿಯವರೆಗೆ ಸವರಿದರು.

"ಯಾವಾಗ ಎರಕೊಂಡಿದ್ದಿ?"

"ಸೋಮವಾರ ರೀ ಅತ್ತಿ."

"ಇವತ್ತ ಶುಕ್ರವಾರ. ಇನ್ನೂ ಹಸೀನ ಐತಲ್ಲ ಬೇ."

"ಹಸಿ ಅಲ್ರಿ, ಮೆತ್ತಗ ಐತಿ."

ಅತ್ತೆ ಜಡೆಯನ್ನು ಕೈಬಿಟ್ಟು, ಯಾರಿಗೂ ಅಲ್ಲ ಎಂಬಂತೆ, "ಮುದುಕ್ಯಾರ ತಲಿಗೆ ಇದೆಲ್ಲಾ ಎಲ್ಲಿ ನಡೀತೈತಿ" ಎಂದರು. ನನಗೂ ಮಾಯಾಗೂ ನಗು ತಡೆಯಲಾಗಲಿಲ್ಲ. ಆಸೆ ಯಾರಪ್ಪನ ಮನೆಯದು.

ಭಾನುವಾರ ಇಬ್ಬರೂ ಸೇರಿ ಅವರ ತಲೆ ತೊಳೆದು ಮೂರನ್ನೂ ಹಚ್ಚಿದೆವು. ಅತ್ತೆಗೆ ಈಗಲೂ ಬೆನ್ನು ತುಂಬ ಕೂದಲು. ಒಂದು ಎಳೆಯನ್ನು ಮೂಗಿಗೆ ಹಿಡಿದು ಮೂಸಿದರು, ಮದುಮಗಳ ಹಾಗೆ ನಾಚಿದರು, ಕನ್ನಡಿ ಕೇಳಿದರು. ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು, ಆಮೇಲೆ ಸುಮ್ಮನೆ ಕೆಳಗಿಟ್ಟರು.

ಸಂಜೆ ಹಾಲು ಹಿಂಡಲು ಹೋದರು. ರಂಗಿ ಎಂದಿನಂತೆ ಕತ್ತು ತಿರುಗಿಸಿ ಅವರ ನೆತ್ತಿಯನ್ನು ಮೂಸಿತು. ಮೂಸಿದ್ದೇ ಹಗ್ಗ ಬಿಗಿಯುವಷ್ಟು ಹಿಂದೆ ಸರಿಯಿತು. ಅತ್ತೆ ಮೈ ಸವರಿದರು, ಕೆಚ್ಚಲಿಗೆ ಕರುವನ್ನು ಬಿಟ್ಟರು, ತಿನ್ನಲು ಹಿಂಡಿ ಇಟ್ಟರು. "ನಾನ ಬೇ ರಂಗಿ, ನಾನ" ಎಂದು ಬೇಡಿಕೊಂಡರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ಖಾಲಿ ಬಕೆಟ್ ಹಿಡಿದು ಗೋಡೆ ಮುಟ್ಟುತ್ತ ಹೊರಗೆ ಬಂದರು.

"ನನ್ನ ಗುರುತ ಹಿಡೀಲಿಲ್ಲ ಅದು," ಎಂದರು. ಮರುಗಳಿಗೆಯೇ ಸಿಟ್ಟು ಮಾಯಾಳ ಮೇಲೆ ತಿರುಗಿತು. "ನನಗೂ ನನ್ನ ಎಮ್ಮಿಗೂ ಬ್ಯಾರೆ ಮಾಡಿದಿಯಲ್ಲ. ಒಯ್ದ ತಿಪ್ಪಿಗೆ ಚೆಲ್ಲು ನಿನ್ನ ಸೀಸೇನ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆಸೆಪಟ್ಟು ಹಚ್ಚಿಸಿಕೊಂಡವರೂ ಅವರೇ, ಬೈದವರೂ ಅವರೇ. ಮಾಯಾ ಒಳಗೆ ಹೋದಳು. ಅತ್ತೆ ಆಗಿಂದಾಗಲೇ ಸೀಗೆಕಾಯಿ ಹಾಕಿ ತಲೆ ತಿಕ್ಕಿ ತೊಳೆದುಕೊಂಡು ತಮ್ಮ ಮೆಂತ್ಯದ ಎಣ್ಣೆ ಹಚ್ಚಿಕೊಂಡರು. ಬೆಳಿಗ್ಗೆ ಮಜ್ಜಿಗೆ ಕಡೆದು ಕೊಟ್ಟಿಗೆಗೆ ಹೋದಾಗ ರಂಗಿ ಏನೂ ಆಗಿಲ್ಲವೆಂಬಂತೆ ಹಾಲು ಇಳಿಸಿತು.

ಮಾಯಾ ಅಳುತ್ತಿರಬಹುದು, ಸಮಾಧಾನ ಮಾಡೋಣ ಎಂದು ಅಡುಗೆಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಅಕ್ಕಾ, ಸೀರಿ ಅಲ್ಲ, ತಲಿ," ಎಂದಳು. "ಅದಕ ನೀವು ಸೀರಿ ಉಟ್ಟರೂ ಒದೀತು. ಅದು ಮೂಸೂದ ನೆತ್ತೀನ. ಅತ್ತಿ ಎರಕೊಂಡ ಮ್ಯಾಲ ಏನೇನ ಮಾಡತಾರ, ಒಮ್ಮೆರ ನೋಡೀರೇನು?"

ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೇನೆ, ಊರ ಪಾತ್ರೆಯೆಲ್ಲ ಇಣುಕಿದ್ದೇನೆ, ಅತ್ತೆಯ ತಲೆಯನ್ನು ಮಾತ್ರ ನೋಡಿರಲಿಲ್ಲ. ಈಗ ಮಾಯಾ ಹೇಳಿದಮೇಲೆ ಕಣ್ಣಿಗೆ ಬಿತ್ತು. ಹಸಿ ಕೂದಲಿಗೇ ಎಣ್ಣೆ. ಅದರ ಮೇಲೆ, ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಕೈಯನ್ನು ಒರಸುವುದೂ ತಲೆಗೇ. ಆ ತಲೆಯನ್ನು ರಂಗಿಯ ಪಕ್ಕೆಗೆ ಒತ್ತಿ ಕೂತು ಹಿಂಡುವುದು.

"ಹಂಗಂದ್ರ ಅತ್ತಿ ವಾಸನಿ ನಿನ್ನ ತಲಿಗೆ ಬಂದ್ರ?"

"ಅದನ್ನ ನೋಡಬೇಕಂತ ಮಾಡೇನಿ," ಎಂದಳು ಮಾಯಾ.

ಮುಂದಿನ ಸಲ ತಲೆ ಎರೆದುಕೊಂಡು ಅವಳು ಸೀದಾ ಹೋಗಿ ಅತ್ತೆಯ ಮುಂದೆ ಕೂತಳು. "ಅತ್ತಿ, ನಿಮ್ಮ ಎಣ್ಣಿ ಹಚ್ಚರಿ ನನಗ" ಎಂದಳು. ಬೈದದ್ದಕ್ಕೆ ಅತ್ತೆಗೂ ಒಳಗೊಳಗೇ ಕಸಿವಿಸಿಯಾಗಿತ್ತೇನೋ. ಪ್ರೀತಿಯಿಂದ ಎಣ್ಣೆ ತಿಕ್ಕಿದರು, ಅವತ್ತಿನ ಬೆಣ್ಣೆ ಕೈಯನ್ನೂ ಸವರಿದರು, "ನನ್ನ ಮಗಳ ಅದಾಳ" ಎಂದರು. ನಾನು ಮುಖ ಆಚೆ ತಿರುಗಿಸಿದೆ. ಮನೆಯೊಳಗೇ ಕಳ್ಳತನ ಮಾಡಿದ ಹಾಗಿತ್ತು.

ಸಂಜೆ ಅತ್ತೆ ಅಂಗಳದ ಕಟ್ಟೆಯ ಮೇಲೆ ಕೂತಿದ್ದಾಗ ನಾವಿಬ್ಬರೂ ಕೊಟ್ಟಿಗೆಗೆ ಹೋದೆವು. ನಾನು ಕರು ಹಿಡಿದುಕೊಂಡೆ. ಮಾಯಾ ಕುಕ್ಕರಗಾಲಿನಲ್ಲಿ ಕೂತು ಹಣೆಯನ್ನು ರಂಗಿಯ ಪಕ್ಕೆಗೆ ಒತ್ತಿದಳು. ರಂಗಿ ಕತ್ತು ತಿರುಗಿಸಿತು. ಅವಳ ನೆತ್ತಿಯನ್ನು ಬಹಳ ಹೊತ್ತು ಮೂಸಿತು. ಎಮ್ಮೆ ಮುಖ ತಿರುಗಿಸಿ ಮೆಲುಕು ಹಾಕತೊಡಗಿತು. ಆಮೇಲೆ ಬಕೆಟ್ಟಿನ ತಳಕ್ಕೆ ಹಾಲು ಚುರ್ರೆಂದು ಬಿತ್ತು.

ಮೇವು ತಂದ ಮಾಳೇಶ ಹೊರೆ ಹೊತ್ತೇ ನಿಂತುಬಿಟ್ಟ. ಕುಣಿದಾಡಬೇಕು ಅನ್ನಿಸಿತು ನನಗೆ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ಅವರ ಕಿವಿಗೇನಾಗಿತ್ತು, ಆ ಸದ್ದು ಅವರಿಗೆ ಗೊತ್ತಿಲ್ಲವೇ?

"ಯಾರ ಹಿಂಡಾಕತ್ತೀರಿ?"

"ಮಾಯಾ ರೀ," ಎಂದೆ.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ಬಕೆಟ್ ತುಂಬುವವರೆಗೂ ಕೇಳಿಸಿಕೊಂಡರು. "ಅಂದ್ರ ಇಷ್ಟ ವರ್ಷ ಅದು ನನ್ನ ಗುರುತ ಹಿಡದಿಲ್ಲ," ಎಂದರು ಕೊನೆಗೆ. "ನನ್ನ ಎಣ್ಣೀ ಗುರುತ ಹಿಡದೈತಿ."

ಗೆದ್ದೆವು ನಿಜ, ಆದರೆ ಆ ಮುಖ ನೋಡಿ ಗೆಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಚಹಾ ಮಾಡಿಕೊಂಡು ಕಟ್ಟೆಗೆ ಒಯ್ದೆ. ಬೈಗುಳ ಬರುತ್ತದೆಂದು ಕಾದೆ.

"ಇನ್ನ ಯಾ ನೆಪಾನೂ ಉಳೀಲಿಲ್ಲ ನೋಡ ಸುಜಾತಾ," ಎಂದರು.

"ಎಂಥಾ ನೆಪ ರೀ?"

"ನನಗ ಅಂಜಿಕಿ ಆಗತೈತಿ. ಕುರಿ ಕಡಿಯೂ ಮುಂದ ಎದುರ ನಿಂತಾಕಿ ನಾ, ಆದ್ರ ನನ್ನ ಕಣ್ಣಾಗ ಒಬ್ಬ ಚಾಕು ಇಡತಾನಂದ್ರ ಕೈಕಾಲ ತಣ್ಣಗ ಆಗತಾವು. ಈಗ ಮಂಜ ಮಂಜರ ಕಾಣತೈತಿ. ಆಮ್ಯಾಲ ಅದೂ ಹೋದ್ರ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಮೊದಲ ಹೇಳಬಾರದಾಗಿತ್ತೇನ್ರಿ ಅತ್ತಿ?"

"ನೀವೆಲ್ಲಾ ಎಮ್ಮೀದ ಕೇಳಿದ್ರಿ. ನಂದ ಯಾರ ಕೇಳಿದ್ರಿ?"

ಅವರ ಪಕ್ಕದಲ್ಲೇ ಕೂತೆ. ಚಹಾ ಆರಿತು. ನಾನು ಆಸ್ಪತ್ರೆಗೆ ಜೊತೆಗೆ ಬರುತ್ತೇನೆ, ಬಾಗಿಲ ಹೊರಗೇ ನಿಂತಿರುತ್ತೇನೆ, ಕೈ ಬಿಡುವುದಿಲ್ಲ ಎಂದೆ. ಮರುದಿನ ತಾವೇ ಮಾಳೇಶನಿಗೆ ಮಿರಜಕ್ಕೆ ಫೋನ್ ಹಚ್ಚು ಎಂದರು.

ಹೊರಡುವ ಹಿಂದಿನ ದಿನ ಅವರ ತಲೆ ತೊಳೆದೆವು. ಇನ್ನು ಕೆಲವು ವಾರ ತಲೆಗೆ ನೀರಿಲ್ಲ. ಈ ಒಂದು ಸಲ ಹಚ್ಚಿದ್ದೇ ಅಷ್ಟು ದಿನ ಕೂದಲು ಕಾಯಬೇಕು ಎಂದು ಮಾಯಾ ನಿಧಾನವಾಗಿ ಸಿಕ್ಕು ಬಿಡಿಸಿದಳು. ಅತ್ತೆ ಕಲ್ಲಿನ ಮೇಲೆ ಕೂತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಮಾಯಾ ಒಂದು ಕಡೆ ತನ್ನ ಮೂರು ಸೀಸೆ, ಇನ್ನೊಂದು ಕಡೆ ಅತ್ತೆಯ ಎಣ್ಣೆ, ಬೆಣ್ಣೆ ಇಟ್ಟುಕೊಂಡಿದ್ದಳು.

"ಯಾವದ ಹಚ್ಚಲ್ರಿ ಅತ್ತಿ? ನಿಮ್ಮದ ಹಚ್ಚಿದ್ರ, ಹೊರಳಿ ಬಂದಾಗ ರಂಗಿ ಗುರುತ ಹಿಡಿತೈತಿ."

ಅತ್ತೆ ಹಿಂದಕ್ಕೆ ಕೈಚಾಚಿ ಹುಡುಕಾಡಿ, ಮಾಯಾಳ ತಲೆಯನ್ನು ಮುಟ್ಟಿ, ನೆತ್ತಿಯ ಮೇಲೆ ಅಂಗೈ ಇಟ್ಟರು.

"ನಿಂದ ಹಚ್ಚು ನನಗ," ಎಂದರು. "ನನ್ನ ವಾಸನಿ ನೀ ಇಟ್ಟಕೋ. ನಾ ಇಲ್ಲದಾಗ ರಂಗಿ ಹುಡುಕತೈತಿ."

ಮಾಯಾ ಕಣ್ಣೊರೆಸಿಕೊಂಡು ಮೊದಲ ಸೀಸೆಯ ಮುಚ್ಚಳ ತೆಗೆದಳು.