ಸುಕ್ಕಾಗುವ ಬಟ್ಟೆಯ ಪರವಾಗಿ

ಒಂದೊಂದೇ ಅಂಗಿಗೆ ನೀರು ಚಿಮುಕಿಸಿ, ಸುರುಳಿ ಸುತ್ತಿ ಬುಟ್ಟಿಗೆ ಹಾಕುತ್ತಿದ್ದೆ. ದೊಡ್ಡಮ್ಮ ಇಸ್ತ್ರಿ ಆದವನ್ನು ಮಡಚುತ್ತಿದ್ದಳು. ದೊಡ್ಡಪ್ಪ ಒದ್ದೆ ಬೆರಳನ್ನು ಇಸ್ತ್ರಿಪೆಟ್ಟಿಗೆಯ ತಳಕ್ಕೆ ಮುಟ್ಟಿಸಿ ಚುಂಯ್ ಅನ್ನಿಸಿದ. ಅಷ್ಟೇ ಸದ್ದು. ಬೆಳಗಾದರೆ ಬಾಯಿಗೆ ಬೀಗವಿಲ್ಲದ ಅಂಗಡಿ ನಮ್ಮದು. ಅವತ್ತು ಮೂವರೂ ಗಪ್‌ಚುಪ್.

ಎದುರಿನ ವಸತಿಗೃಹದ ಕೆಲಸದವರ ಮೂವತ್ತೆರಡು ಬಿಳಿ ಹತ್ತಿ ಅಂಗಿಗಳು ದಿನವೂ ನಮ್ಮ ಮೇಜಿಗೆ ಬರುತ್ತವೆ. ಅಂಗಡಿ ನಿಂತಿರುವುದೇ ಅವುಗಳ ಮೇಲೆ. ಅಲ್ಲಿನ ಮ್ಯಾನೇಜರು ಈಗ ಪಾಲಿಯೆಸ್ಟರ್ ಸಮವಸ್ತ್ರ ತರಿಸುತ್ತಾರಂತೆ. ಒಗೆದು ಕೊಡವಿದರೆ ಮುಗಿಯಿತು, ಇಸ್ತ್ರಿಯ ಹಂಗೇ ಇಲ್ಲ. ಹಾಗಾದರೆ ಈ ಮೇಜಿಗೆ ಮೂರು ಜನ ಬೇಡ. ನನ್ನನ್ನು ಜವಳಿ ಅಂಗಡಿಯ ಬಾಗಿಲಲ್ಲಿ ನಿಲ್ಲಿಸುವ ಮಾತು ಆಗಲೇ ನಡೆದಿತ್ತು. ಹೋಗಿಬರುವವರನ್ನೆಲ್ಲ "ಬನ್ನಿ ಅಕ್ಕ, ಬನ್ನಿ ಅಣ್ಣ" ಎಂದು ಕೂಗಿ ಕರೆಯುವ ಕೆಲಸ. ಗುರುತಿನವರು ಎದುರು ಬಂದರೇ ಬೀದಿಯ ಆಚೆ ಬದಿಗೆ ದಾಟಿಕೊಳ್ಳುವವಳು ನಾನು.

ಕೊನೆಗೆ ದೊಡ್ಡಪ್ಪ ಬಾಯಿ ಬಿಟ್ಟ. "ಬಟ್ಟೆ ತೀರ್ಮಾನ ಮಾಡೋ ಮುಂಚೆ ನಾಲ್ಕು ಮಾತು ಆಡೋಕೆ ಬಿಡಿ ಅಂತ ಕೇಳಿದ್ದೀನಿ. ಹನ್ನೊಂದಕ್ಕೆ ಬಾ ಅಂದಿದ್ದಾರೆ."

"ಏನಂತೀರಿ? ಹತ್ತಿ ಸುಕ್ಕಾಗುತ್ತೆ, ಅದ್ರಿಂದಲೇ ನಮ್ಮ ಹೊಟ್ಟೆ ತುಂಬುತ್ತೆ ಅಂತಾನಾ?" ಎಂದಳು ದೊಡ್ಡಮ್ಮ.

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತೀನಿ ಕಣೇ."

ಹೇಳಿದ, ನಿಜಕ್ಕೂ ಚೆನ್ನಾಗಿ ಹೇಳಿದ. ವಸತಿಗೃಹದ ಊಟದ ಕೋಣೆಯಲ್ಲಿ ಅಡುಗೆಯವರು, ಕೋಣೆ ಗುಡಿಸುವವರು ಎಲ್ಲ ನಿಂತಿದ್ದರು. ಮ್ಯಾನೇಜರು ಫ್ಯಾನಿನ ಕೆಳಗೆ ಕೂತಿದ್ದರು. ದೊಡ್ಡಮ್ಮನೂ ನಾನೂ ದೊಡ್ಡಪ್ಪನ ಹಿಂದೆಯೇ ಹೋಗಿ ನಿಂತಿದ್ದೆವು.

"ಹತ್ತಿ ಬೆವರು ಹೀರುತ್ತೆ. ಒಳಗೆ ಗಾಳಿ ಆಡುತ್ತೆ. ಮೈಗೆ ಅಂಟಲ್ಲ, ತುರಿಸಲ್ಲ. ಒಗೆದಷ್ಟೂ ಮೆತ್ತಗಾಗುತ್ತೆ. ಕುದಿಯೋ ನೀರಿಗೆ ಹಾಕಿದ್ರೂ ಮುಖ ಸಿಂಡರಿಸಲ್ಲ. ಒಲೆ ಮುಂದೆ ನಿಲ್ಲೋರು ಕೇಳಿ. ಕಿಡಿ ಹಾರಿದ್ರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೇ ಕಚ್ಚಿಕೊಳ್ಳುತ್ತೆ. ಹತ್ತಿ ಹಾಗಲ್ಲ, ಕಾಗದದ ಥರ ಉರಿದು ಬೂದಿ ಆಗುತ್ತೆ."

"ಅಂದ್ರೆ ನಾವು ಬೂದಿ ಆಗ್ಬೇಕಾ ಅಣ್ಣಾ?" ಎಂದಳು ಗುಡಿಸುವವಳೊಬ್ಬಳು.

"ನೂಲಿನ ವಿಷಯ ತಾಯಿ! ತಡಿ, ತೋರಿಸ್ತೀನಿ."

ತನ್ನ ಅಂಗಿಯ ಅಂಚಿನಿಂದಲೇ ಒಂದು ಎಳೆ ಕಿತ್ತು ಕಡ್ಡಿ ಗೀರಿದ. ದೊಡ್ಡಮ್ಮ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಎಳೆ ಹುಳುವಿನಂತೆ ಮುದುಡಿತು, ಕಪ್ಪು ಮಣಿಯಾಯಿತು, ಗಬ್ಬು ವಾಸನೆ ಬಂತು. ಬೂದಿ ಉದುರಿಸಿ ತೋರಿಸಲು ಅದನ್ನೇ ಚಿವುಟಿದ ದೊಡ್ಡಪ್ಪ "ಅಯ್ಯಯ್ಯಪ್ಪಾ!" ಎಂದು ಕೈ ಕೊಡವಿದ.

"ಇದ್ಯಾವ ಹತ್ತಿ ಮಾರಾಯ? ಪ್ಲಾಸ್ಟಿಕ್ ಗಿಡದಲ್ಲಿ ಬಿಟ್ಟಿದ್ದಾ?" ಎಂದ ಮುಖ್ಯ ಅಡುಗೆಯವನು.

ದೊಡ್ಡಪ್ಪ ದೊಡ್ಡಮ್ಮನ ಕಡೆ ತಿರುಗಿದ. "ಏನೇ ಇದು?"

"ಏನು ಏನೇ? ಬೀದೀಲಿರೋರ ಅಂಗಿಯೆಲ್ಲ ಉಜ್ಜಿ, ಆಮೇಲೆ ನಿಮ್ದೂ ಉಜ್ಜೋಕೆ ನಂಗೇನು ನಾಲ್ಕು ಕೈ ಇದ್ಯಾ? ಎಂಟು ವರ್ಷದಿಂದ ನಿಮ್ಗೆ ಈ ಪಾಲಿಯೆಸ್ಟರನ್ನೇ ತರ್ತಿದ್ದೀನಿ. ನನ್ನಂಗಿ ಯಾಕೆ ಒಂದಿನಾನೂ ಮೇಜಿನ ಮೇಲೆ ಬರಲ್ಲ ಅಂತ ನೀವು ಕೇಳಿದ್ದೀರಾ?"

ಕೇಳಿರಲಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೂ ಯಾರ ಅಂಗಿ ಯಾವ ಬಟ್ಟೆಯದು ಎನ್ನುವ ಮನುಷ್ಯ, ತನ್ನ ಬೆನ್ನಿಗೆ ಅಂಟಿಕೊಂಡಿದ್ದನ್ನು ಎರಡು ಬೆರಳಲ್ಲಿ ಎಳೆದು ನೋಡಿಕೊಂಡ. ಬಿಟ್ಟೊಡನೆ ಅದು ಪಚಕ್ಕನೆ ಮತ್ತೆ ಅಂಟಿತು. ಊಟದ ಕೋಣೆ ನಗುವಿನಿಂದ ತುಂಬಿಹೋಯಿತು. ಮ್ಯಾನೇಜರಿಗಂತೂ ಕಣ್ಣಲ್ಲಿ ನೀರು.

"ಎಂಟು ವರ್ಷ ಹಾಕಿದ್ರೂ ಆರಾಮಾಗಿ ಇದ್ದೀರಲ್ಲ! ಇದಕ್ಕಿಂತ ಸಾಕ್ಷಿ ಬೇಕಾ?" ಎನ್ನುತ್ತಾ ಅವರು ಪೆನ್ನು ತೆಗೆದು, ಹೊಸ ಬಟ್ಟೆ ತರಿಸುವ ಕಾಗದವನ್ನು ಹತ್ತಿರ ಎಳೆದುಕೊಂಡರು.

ಪೆನ್ನು ಹಿಡಿದ ಕೈಯನ್ನೇ ನೋಡುತ್ತಿದ್ದೆ. ಅಂಗಿಯ ತೋಳಿನ ತುದಿಯಲ್ಲಿ ನೀಲಿ ಗೆರೆ, ಎರಡನೇ ಗುಂಡಿಯ ಹತ್ತಿರ ಹೊಲಿದ ಚಿಕ್ಕ ಹರಕು. ನನ್ನ ಕಾಲು ಆಗಲೇ ಎರಡು ಹೆಜ್ಜೆ ಮುಂದೆ ಇಟ್ಟಿತ್ತು.

"ಸರ್, ನೀವು ಹಾಕ್ಕೊಂಡಿರೋದು ಹತ್ತಿ. ನಿನ್ನೆ ನಾನೇ ಇಸ್ತ್ರಿ ಮಾಡಿದ್ದು."

ನಗು ಒಬ್ಬೊಬ್ಬರಲ್ಲೇ ನಿಂತಿತು. ನನ್ನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಗಿತ್ತು.

"ಹೊಸ ಅಂಗಿ ಒಂದನ್ನ ನೀವು ಹಾಕ್ಕೊಂಡು, ಅಡುಗೆಮನೆ ಒಲೆ ಮುಂದೆ ಒಂದು ಗಂಟೆ ನಿಂತು ನೋಡಿ. ಆಮೇಲೆ ಸಹಿ ಹಾಕಿ."

ಮ್ಯಾನೇಜರು ಮುಖ್ಯ ಅಡುಗೆಯವನ ಕಡೆ ನೋಡಿದರು. ಅವನು ಛಾವಣಿ ನೋಡಿದ. ದೊಡ್ಡಪ್ಪ ಸುಟ್ಟ ಬೆರಳನ್ನು ಬಾಯಲ್ಲಿ ಇಟ್ಟುಕೊಂಡೇ ನನ್ನನ್ನು ನೋಡಿದ.

"ಒಂದೇ ಗಂಟೆ, ಸರ್" ಎಂದೆ.